ಮೂವತ್ತೆರಡು ಮನೆಗಳ ಹಂಡೆ

ಆ ಹಂಡೆಯನ್ನು ಮಾರಿ ನಾನು ಹದಿನಾಲ್ಕು ರೂಪಾಯಿ ಲುಕ್ಸಾನು ಮಾಡಿಕೊಂಡೆ. ಪಾತ್ರೆ-ಭಾಂಡೆ ವ್ಯಾಪಾರದಲ್ಲಿ ಅದಕ್ಕೂ ಮೊದಲು ನಾನು ಕಳೆದುಕೊಂಡವನಲ್ಲ, ಆಮೇಲೂ ಅಲ್ಲ. ತಲೆಯ ಮೇಲೆ ಬುಟ್ಟಿ ಹೊತ್ತು, "ಹಳೇ ತಂಬಿಗಿ ಕೊಡ್ರಿ, ಹೊಸಾದು ಒಯ್ರಿ" ಎಂದು ಬೀಳಗಿಯಿಂದ ತುಬಚಿಯವರೆಗೆ ಕೂಗುತ್ತ ತಿರುಗಿ, ರಬಕವಿ ಪೇಟೆಯಲ್ಲಿ ಸ್ವಂತ ಅಂಗಡಿ ಹಾಕಿದವನು. ಅಂಥವನ ಹದಿನಾಲ್ಕು ರೂಪಾಯಿ ಹೋದದ್ದು ಹೇಗೆಂದರೆ, ಬನಹಟ್ಟಿಯ ನೇಕಾರ ಓಣಿಯ ನೀಲಕ್ಕ ಅಂಗಡಿಗೆ ಬಂದು, ಮೊದಲು ಬೇರೊಂದು ಹಂಡೆಯನ್ನು ಬೆರಳ ಗೆಣ್ಣಿನಿಂದ ಬಡಿದು, ಕಿವಿ ಹಚ್ಚಿ ಕೇಳಿದಳು.

"ತಮ್ಮಾ, ಇದಕ್ಕ ನೆಗಡಿ ಆಗೈತಿ," ಅಂದಳು.

"ತಾಮ್ರದ ಹಂಡೇಕ್ಕ ಎಂಥಾ ನೆಗಡಿ ಅಕ್ಕಾರ?"

"ನೀ ಗ್ವಾಡಿ ಕಡೆ ಹೊಳ್ಳಿಸಿ ಇಟ್ಟೀಯಲ್ಲ, ಆ ಬಾಜೂಕ ಐತಿ. ಹೊಳ್ಳಸು, ತೋರಸ್ತೇನಿ."

ಬೆಸುಗೆ ಸರಿಯಾಗಿ ಕೂಡದ ಬದಿಯನ್ನು ನಾನೇ ಬೆಳಿಗ್ಗೆ ಗೋಡೆಗೆ ಹೊರಳಿಸಿಟ್ಟಿದ್ದೆ. ಒಳಗೆ ಹೋಗಿ ಬೇರೆ ಹಂಡೆ ತಂದೆ. ಅದನ್ನು ಬಡಿದಳು. ಅದರ ನಾದ ಪೇಟೆಯ ಆ ತುದಿಗೆ ಮುಟ್ಟಿತು. "ಹಾಂ, ಇದು ಛಲೋ ಹಾಡತೈತಿ. ಈಗ ರೇಟು ಹೇಳು." ನಾನು ಹೇಳಿದೆ. ಅವಳು ಬಾಗಿಲ ಕಡೆ ನೋಡಿದಳು. ಹೊರಗೆ ಅಂಗಡಿಯ ಕಟ್ಟೆಯ ಮೇಲೆ, ಮೆಟ್ಟಿಲ ಮೇಲೆ, ದಾರಿಯ ಮೇಲೆ ಓಣಿಯ ಹೆಣ್ಣುಮಕ್ಕಳು ಕೂತಿದ್ದರು. ಕೆಲವರ ಕೈಯಲ್ಲಿ ನೂಲಿನ ಲಡಿ, ಕೆಲವರ ತೊಡೆಯ ಮೇಲೆ ಕೂಸು. ಯಾರೂ ಜಗಳವಾಡಲಿಲ್ಲ, ಒಂದು ಮಾತೂ ಆಡಲಿಲ್ಲ. ಬರೀ ಕೂತರು. ಮಧ್ಯಾಹ್ನದವರೆಗೆ ಬೇರೆ ಒಂದು ಗಿರಾಕಿ ನನ್ನ ಅಂಗಡಿಯ ಒಳಗೆ ಕಾಲಿಡಲು ಜಾಗವಿರಲಿಲ್ಲ. ಊಟದ ಹೊತ್ತಿಗೆ ನಾನೇ ಅಸಲಿಗಿಂತ ಹದಿನಾಲ್ಕು ರೂಪಾಯಿ ಕೆಳಗೆ ಇಳಿದೆ. ಚೌಕಾಸಿಯನ್ನು ನಾನು ಕಲಿತದ್ದು ಇಪ್ಪತ್ತು ವರ್ಷ ತಿರುಗಿ. ಬಾಯಿ ತೆರೆಯದೆಯೂ ಚೌಕಾಸಿ ಮಾಡಬಹುದು ಎಂದು ತಿಳಿದದ್ದು ಅವತ್ತು.

ಅವಳು ತಂದದ್ದು ರೊಕ್ಕವಲ್ಲ, ಒಂದು ಚಕ್ಕಡಿ ತುಂಬ ಒಡಕು ಸಾಮಾನು. ತೂತು ಬಿದ್ದ ತಂಬಿಗೆ, ಸೊಟ್ಟಾದ ಪರಾತ, ಹಿಡಿಕೆ ಹೋದ ಸವಟು. ಮೂವತ್ತೆರಡು ಮನೆಗಳಲ್ಲಿ ಅಟ್ಟದ ಮೇಲೆ ಬಿದ್ದಿದ್ದನ್ನೆಲ್ಲ ಬೇಡಿ ಕೂಡಿಸಿದ್ದಳು. ಆ ತೂಕಕ್ಕೆ ಬದಲಾಗಿ ಹಂಡೆ, ಪರಾತ, ಬೋಗೋಣಿಗಳನ್ನು ಒಯ್ದು, ಓಣಿಯವರ ಲಗ್ನಗಳಿಗೆ ಬಿಟ್ಟಿಯಾಗಿ ಕೊಡುವ ಮಂಡಳಿ ಕಟ್ಟಿದಳು. ಸಂಸ್ಥಾನಗಳು ಹೋಗಿ ಮುಂಬಯಿ ಸರಕಾರ ಬಂದ ಹೊಸತು. ಜಮಖಂಡಿಯಲ್ಲಿ, ಮುಧೋಳದಲ್ಲಿ, ಎಲ್ಲಿ ನೋಡಿದರೂ ಮಂಡಳಿ, ಸಂಘ, ಸಮಿತಿ. ಅಧ್ಯಕ್ಷರ ಕೊರಳಿಗೆ ಮಾಲೆ ಬೀಳುವುದು, ಆರು ತಿಂಗಳಲ್ಲಿ ಬಾಗಿಲಿಗೆ ಕೀಲಿ ಬೀಳುವುದು. ಇದೂ ಹಾಗೇ ಎಂದುಕೊಂಡೆ.

ನೀಲಕ್ಕನ ಕೂದಲಲ್ಲಿ ಯಾವಾಗಲೂ ನೂಲಿನ ಜೂಲು ಅಂಟಿರುತ್ತಿತ್ತು. ಗಂಡ ತೀರಿದ ಮೇಲೆ ಮಗ್ಗದವರಿಗೆ ನೂಲಿನ ಕಂಡಿಕೆ ಸುತ್ತಿ ಮಗನನ್ನೂ ಮಗಳನ್ನೂ ಸಾಕಿದವಳು. ಮಂಡಳಿಗೂ ಮೊದಲು, ಮಗಳ ಲಗ್ನಕ್ಕೆ ದೊಡ್ಡವರ ಮನೆಯ ಹಂಡೆ ತಂದಿದ್ದಳು. ಹಂಡೆಗೆ ಬಾಡಿಗೆಯಿಲ್ಲ ಎಂದವರು ಆಮೇಲೆ ಮೂರು ದಿನ ಅವಳಿಂದ ಹಗೇವಿನ, ಅಂದರೆ ನೆಲದ ಕಣಜದ, ಜೋಳ ಹಸನು ಮಾಡಿಸಿದರು. ಬೀಗರು ಇನ್ನೂ ಮನೆಯಲ್ಲಿದ್ದಾಗಲೇ ಅವಳು ಇನ್ನೊಬ್ಬರ ಅಂಗಳದಲ್ಲಿ ಮೊರ ಹಿಡಿದು ಕೂತಿದ್ದಳು. "ಆ ಮೂರು ದಿನ ನನ್ನ ಮಂಡಳಿ ಬಂಡವಾಳ" ಎನ್ನುತ್ತಿದ್ದಳು.

ಅದಕ್ಕೇ, ಒಬ್ಬ ಸಾಹುಕಾರರು ಬಂದು "ಎಲ್ಲಾ ಭಾಂಡೆ ನಾ ಕೊಡಸ್ತೇನಿ, ನನ್ನ ಹೆಸರು ಕೊರಸ್ರಿ" ಅಂದಾಗ ನಾವು ಪಂಚರೆಲ್ಲ ಕುಣಿದಾಡಿದರೂ ಅವಳು ಒಪ್ಪಲಿಲ್ಲ. ಪಂಚರೆಂದರೆ ನಾನು ಸೇರಿ ಐವರು, ಶೆಕ್ರೆಟರಿ ನೀಲಕ್ಕ. ನನ್ನನ್ನೂ ಎಳೆದುಹಾಕಿದ್ದಳು, ಸೊಟ್ಟಾದ ಭಾಂಡೆಯನ್ನು ಬಿಟ್ಟಿಯಾಗಿ ನೆಟ್ಟಗೆ ಮಾಡಿಸಿಕೊಳ್ಳಲಿಕ್ಕೆ. ಸಾಹುಕಾರರಿಗೆ ಅವಳು ಕೈ ಮುಗಿದು ಹೇಳಿದ್ದು ಇಷ್ಟು: "ನಿಮ್ಮ ಹೆಸರು ಹಾಕಿದ್ರ ಹಂಡೆ ನಿಮ್ಮದಾಗತೈತ್ರಿ, ಹೊರೂದು ಮಾತ್ರ ನಮ್ಮದಽ ಉಳೀತೈತಿ. ನಿಮ್ಮನ್ಯಾಗ ಒಂದು ತೂತು ತಂಬಿಗಿ ಇದ್ರ ಕೊಡ್ರಿ, ಸಾಕು."

ಮೊದಲ ವರ್ಷದ ಲಗ್ನಗಳು ಹಬ್ಬದಂತೆ ನಡೆದವು. ಗೋದಿ ಹುಗ್ಗಿ ಬೇಯಿಸಿದ ಹಂಡೆ ತಿರುಗಿ ಬರುವಾಗ ಅದರೊಳಗೆ ಒಂದು ಹಿಡಿ ಗೋದಿ, ಒಂದು ಹೆಂಟೆ ಬೆಲ್ಲ, ನಾಲ್ಕು ಹೋಳಿಗೆ ಇರುತ್ತಿದ್ದವು. ಭಾಂಡೆಗಳು ನೀಲಕ್ಕನ ಪಡಸಾಲೆಯಲ್ಲೇ ಇರುತ್ತಿದ್ದುದರಿಂದ ಅದೂ ಅಲ್ಲೇ ಇಳಿಯುತ್ತಿತ್ತು. ಅವಳು ಅದನ್ನು ಓಣಿಯ ಹುಡುಗರಿಗೆ ಹಂಚುತ್ತಿದ್ದಳು. ಹಂಚುವುದನ್ನು ನೋಡದ ಯಾರೋ ಬಾವಿಯ ಹತ್ತಿರ ನಕ್ಕರಂತೆ: "ಹಂಡೆ ಮಂಡಳೀದು, ಹೋಳಿಗಿ ನೀಲಕ್ಕಂದು. ಹೆಂಗ ಗಲ್ಲ ತುಂಬ್ಯಾವು ನೋಡ್ರಿ!"

ಆ ಮಾತು ಕಿವಿಗೆ ಬಿದ್ದ ಸಂಜೆಯೇ ಅವಳು ಕುಲಕರ್ಣಿ ಮಾಸ್ತರರ ಮನೆಗೆ ಬಂದಳು. ನಿವೃತ್ತರಾದ ಮಾಸ್ತರರು ನಮ್ಮ ಅಧ್ಯಕ್ಷರು. ನಾನೂ ಅಲ್ಲೇ ಇದ್ದೆ. "ಬರ್ಕೋರಿ ಮಾಸ್ತರ," ಅಂದಳು. "ಇನ್ನ ಮ್ಯಾಲ ಭಾಂಡೆ ಬೆಳಗಿ, ಬರೇದು ಮಾಡಿ ತರಬೇಕು. ಒಳಗ ಒಂದ ಕಾಳು ಇದ್ರೂ ತಗೊಳ್ಳಂಗಿಲ್ಲ."

ಮಾಸ್ತರರು ಬಹಳ ಸಂತೋಷದಿಂದ ಬರೆದುಕೊಂಡರು. ನಿಯಮ ಎಂದರೆ ಅವರಿಗೆ ಬೆಲ್ಲ. ದಪ್ಪ ಅಕ್ಷರದಲ್ಲಿ ಹಲಗೆಗೆ ಬರೆದು ನೀಲಕ್ಕನ ಬಾಗಿಲಿಗೆ ಹಚ್ಚಿಯೂ ಬಿಟ್ಟರು.

ಎರಡನೆಯ ವರ್ಷ ಲಗ್ನಗಳಾದವು. ಭಾಂಡೆಗಳು ಹೋದವು, ತಿರುಗಿ ಬರಲಿಲ್ಲ. ಒಂದಲ್ಲ, ಎರಡಲ್ಲ, ಹನ್ನೊಂದು. ದೊಡ್ಡ ಹಂಡೆಯೂ ಅದರಲ್ಲೇ. ಕೇಳಿದರೆ "ನಾಳೆ ಕೊಡ್ತೀವಿ" ಎನ್ನುತ್ತಿದ್ದರು. ಪಂಚರು ಕೂಡಿ ತಿಂಗಳಿಗೆ ಎಂಟಾಣೆ ದಂಡ ಹಾಕಿದೆವು. ಜನ ದಂಡ ತಂದು ಕೊಟ್ಟರು, ಭಾಂಡೆ ಕೊಡಲಿಲ್ಲ! ಮಾಸ್ತರರು ತಲೆ ಮೇಲೆ ಕೈ ಹೊತ್ತರು. "ಜನಾ ಕಳ್ಳರಾಗ್ಯಾರ. ಮುಂದಿನ ಅಮಾಸಿಗೆ ಸಭಾ ಕರೀತೀನಿ. ಮಂಡಳಿ ಮುಚ್ಚೋಣ." ಅಮಾವಾಸ್ಯೆಯೆಂದರೆ ಮಗ್ಗಗಳಿಗೆ ರಜೆ, ಎಲ್ಲರೂ ಬರುತ್ತಾರೆ. ಎಂಟು ದಿನ ಉಳಿದಿತ್ತು.

ಇಲ್ಲಿ ನನ್ನ ಬಣ್ಣವನ್ನೂ ಹೇಳಿಬಿಡುತ್ತೇನೆ. ಮಂಡಳಿ ಮುಚ್ಚಿದರೆ ಭಾಂಡೆಗಳನ್ನು ಒಡಕಿನ ದರದಲ್ಲಿ ನಾನೇ ಕೊಳ್ಳುತ್ತೇನೆ ಎಂದು ಮಾಸ್ತರರ ಕಿವಿಯಲ್ಲಿ ಹೇಳಿಟ್ಟಿದ್ದೆ. ಹದಿನಾಲ್ಕು ರೂಪಾಯಿ ನನಗೆ ಇನ್ನೂ ಮರೆತಿರಲಿಲ್ಲ. ಆದ್ದರಿಂದ ನೀಲಕ್ಕ "ಮನಿಮನಿಗೆ ಹೋಗೂಣ ಬಾ ತಮ್ಮಾ, ಕಳ್ಳರ ಮಾರಿ ನೋಡೂಣು" ಅಂದಾಗ ಹಿಂದೆಯೇ ಹೊರಟೆ, ಸರಕು ಹೇಗಿದೆ ನೋಡಲಿಕ್ಕೆ. ಅವಳ ಮುಖ ಸಣ್ಣಗಾಗಿತ್ತು. ಮಂಡಳಿ ಮುಚ್ಚಿದರೆ, ಓಣಿಯಲ್ಲಿ ಮುಂದೆ ಲಗ್ನವಾಗುವ ಪ್ರತಿ ಹುಡುಗಿಯ ತಾಯಿಯೂ ದೊಡ್ಡವರ ಅಂಗಳದಲ್ಲಿ ಮೊರ ಹಿಡಿಯಬೇಕು.

ಮೊದಲು ಹೋದದ್ದು ಶಂಕ್ರವ್ವನ ಮನೆಗೆ. ಮಗನ ಲಗ್ನಕ್ಕೆ ದೊಡ್ಡ ಹಂಡೆ ಒಯ್ದವಳು. ಪಡಸಾಲೆಯಲ್ಲಿ, ಮಗ್ಗದ ಪಕ್ಕ, ಗೋಣಿಚೀಲದ ಮೇಲೆ ನಮ್ಮ ಹಂಡೆ ಕೂತಿತ್ತು. ಬೆಳಗಿ ಬೆಳಗಿ ಕನ್ನಡಿಯಾಗಿತ್ತು. ಕೊರಳಿಗೆ ಕುಂಕುಮ ಬೇರೆ.

"ಲಗ್ನ ಆಗಿ ಎರಡು ತಿಂಗಳಾತು ಶಂಕ್ರವ್ವಾ. ಹಂಡೆ ಯಾಕ ಕೊಟ್ಟಿಲ್ಲ?" ನೀಲಕ್ಕ ಕೇಳಿದಳು. "ಇಟಗೊಂಡು ಪೂಜಿ ಮಾಡಾಕತ್ತೀಯೇನು?"

ಶಂಕ್ರವ್ವ ಒಳಗೆ ಹೋಗಿ ಒಂದು ರೂಪಾಯಿ ತಂದು ನನ್ನ ಮುಂದೆ ಹಿಡಿದಳು. "ತಗೋ. ಮುಂದಿನ ತಿಂಗಳ ದಂಡಾನೂ ಐತಿ ಅದರಾಗ."

"ದಂಡಾ ಕೊಡ್ತೀ, ಹಂಡೆ ಕೊಡಂಗಿಲ್ಲ! ಇದ್ಯಾವ ವ್ಯವಹಾರಬೇ?" ಅಂದೆ.

"ನೀ ಗಂಡಸು, ನಿನಗೇನ ತಿಳೀತೈತಿ?" ಅವಳು ನನ್ನ ಮೇಲೆ ಹರಿಹಾಯ್ದಳು. "ಮನಿಗೆ ಹೊಸಾ ಸೊಸಿ ಬಂದಾಳ. ಇದು ಲಗ್ನದ ಹುಗ್ಗಿ ಮಾಡಿದ ಹಂಡೆ. ಇದನ್ನ ಖಾಲಿ ಮಾಡಿ, ಬರೇ ಹಂಡೆ ಹೊಸ್ತಿಲಾ ದಾಟಸ್ಲಿ? ನಮ್ಮವ್ವ ಒಂದು ವಾಟಗಾ ಮಜ್ಜಿಗಿ ಇಸಗೊಂಡ್ರೂ ಬರೇ ವಾಟಗಾ ಹೊಳ್ಳಿ ಕೊಟ್ಟಾಕಿ ಅಲ್ಲ. ಹಿಡಿ ಗೋದಿ ಹಾಕಿ ಕೊಡೂಣಂದ್ರ ನಿಮ್ಮ ಹಲಗಿ ಬ್ಯಾಡ ಅಂತೈತಿ. ಹಲಗಿ ತಗೀರಿ, ಈಗಿಂದೀಗ ಕೊಡ್ತೇನಿ!"

ನೀಲಕ್ಕ ಹೊಸ್ತಿಲ ಮೇಲೆ ಕುಸಿದು ಕೂತಳು. ಒಂದು ಕ್ಷಣ ಅಳುತ್ತಾಳೆ ಎಂದುಕೊಂಡೆ. ಅವಳು ಬೆರಳ ಗೆಣ್ಣಿನಿಂದ ತನ್ನ ಹಣೆಯನ್ನೇ ಟಕಟಕ ಬಡಿದುಕೊಂಡು, "ಕೇಳಿದೇನು ತಮ್ಮಾ ಸಪ್ಪಳ? ಪೂರಾ ಖಾಲಿ!" ಎಂದು ನಗತೊಡಗಿದಳು. ಆ ನಗೆಗೆ ಒಳಗಿದ್ದ ಹೊಸ ಸೊಸೆ ಕೂಡ ಇಣುಕಿ ನೋಡಿದಳು.

ಮುಂದಿನ ಹತ್ತು ಮನೆಗಳಲ್ಲೂ ಅದೇ ಮಾತು. ಕಳ್ಳರು ಒಬ್ಬರೂ ಸಿಗಲಿಲ್ಲ. ಎಲ್ಲ ಕಡೆ ಬೆಳಗಿಟ್ಟ ಭಾಂಡೆ, ಬಾಗಿದ ತಲೆ. ದಾರಿಯಲ್ಲಿ ನಾನು ಕೇಳಿದೆ: "ಅಕ್ಕಾರ, ನಾ ಗಂಡಸು, ನನಗ ತಿಳೀಲಿಲ್ಲ ಬಿಡ್ರಿ. ನಿಮಗ?"

"ಸಿಟ್ಟಿನ್ಯಾಗ ಬರಸಿದೆನಪಾ. ನನ್ನ ಹೆಸರು ಉಳಿಸ್ಕೋಬೇಕಂತ ಬರಸಿದೆ, ಅವರ ಮರ್ಯಾದಿ ನೋಡಲಿಲ್ಲ. ಮಗ್ಗಲ ಮನಿಯಾಕಿ ಆಗಿ ಬರಸಿದ್ರ ಹಿಂಗ ಆಗತಿರಲಿಲ್ಲ. ಶೆಕ್ರೆಟರಿ ಆಗಿ ಬರಸಿದೆ."

ಅಮಾವಾಸ್ಯೆಯ ಸಭೆಯಲ್ಲಿ ಮಾಸ್ತರರು ಮುಚ್ಚುವ ಠರಾವನ್ನು ಓದುತ್ತಿದ್ದಂತೆ ನೀಲಕ್ಕ ಎದ್ದು ನಿಂತಳು. "ಕಳ್ಳರು ಇಲ್ರಿ ಮಾಸ್ತರ. ನಿಯಮ ತಪ್ಪೈತಿ. ಬರಸಿದಾಕಿ ನಾನ. ಅಳಸ್ರಿ."

ಹಿಂದಿನಿಂದ ಯಾರೋ ಕೂಗಿದರು: "ಮತ್ತ ಹೋಳಿಗಿ ಯಾರು ತಿನ್ನೋರು?"

ಜನ ನಕ್ಕರು. ಅವಳೂ ನಕ್ಕಳು. "ಹೋಳಿಗಿ ಬ್ಯಾಡ, ಒಂದ ಹಿಡಿ ಕಾಳು ಹಾಕ್ರಿ. ಬುಟ್ಟಿ ನನ್ನ ಪಡಸಾಲ್ಯಾಗ ಇಡೂದಿಲ್ಲ, ಬೀದಿ ಕಟ್ಟಿ ಮ್ಯಾಲ ಇಡ್ತೇನಿ. ತಂದವರ ತಮ್ಮ ಕೈಲೆ ಸುರವಲಿ. ಅಮಾಸಿಗೊಮ್ಮೆ ಓಣ್ಯಾಗ ಯಾರ ಮನ್ಯಾಗ ಬಾಣಂತಿ ಅದಾಳ, ಆ ಮನಿಗೆ ಹೋಗಲಿ."

"ಎಷ್ಟು ಹಾಕಬೇಕಂತ ಬರೀಲಿ?" ಮಾಸ್ತರರು ಲೇಖನಿ ಎತ್ತಿದರು.

"ಒಂದ ಹಿಡಿ ಅನ್ರಿ. ಯಾರ ಹಿಡಿ ಎಷ್ಟ ದೊಡ್ಡದು ಅಂತ ಮಾತ್ರ ಬರೀಬ್ಯಾಡ್ರಿ."

ಕೈಗಳು ಎದ್ದವು. ಮಾಸ್ತರರು ತಾವೇ ಹೋಗಿ ಹಲಗೆ ಕಿತ್ತರು. ತಿರುಗಿ ಬಂದು ನನ್ನ ಕಡೆ ನೋಡಿ, "ಅಂದಮೇಲೆ ನಿಮ್ಮ ಖರೀದಿ ಮಾತು...?" ಎಂದು ಎಲ್ಲರ ಎದುರಿಗೇ ಕೇಳಿಬಿಟ್ಟರು. ನೀಲಕ್ಕನಿಗೆ ಅದು ಮೊದಲೇ ಗೊತ್ತಿತ್ತೋ ಏನೋ. "ಇವ ಖರೀದಿಗೆ ಅಲ್ರಿ, ಎರಡು ಪರಾತ ಮಂಡಳಿಗೆ ಬಿಟ್ಟಿ ಕೊಡಾಕ ಕೇಳ್ಯಾನ. ಹೌದಲ್ಲೋ ತಮ್ಮಾ?" ಅಂದಳು. ಹೌದು ಎನ್ನದೆ ಏನು ಮಾಡಲಿ? ಚಪ್ಪಾಳೆ ಬಿತ್ತು.

ಮರುದಿನ ಬೆಳಿಗ್ಗೆ ನೀವು ಬನಹಟ್ಟಿಯಲ್ಲಿ ಇರಬೇಕಿತ್ತು! ಮಗ್ಗದ ಸಪ್ಪಳ ಶುರುವಾಗುವ ಮೊದಲೇ ಓಣಿಯ ತುದಿಯಲ್ಲಿ ಸನಾದಿ ಕೇಳಿತು. ಮುಂದೆ ಶಂಕ್ರವ್ವನ ಹೊಸ ಸೊಸೆ, ಅವಳ ಹಿಂದೆ ಗಳಕ್ಕೆ ತೂಗಿಸಿಕೊಂಡು ಇಬ್ಬರು ಹೊತ್ತ ಹಂಡೆ, ಅದರ ಹಿಂದೆ ತಲೆಯ ಮೇಲೆ ಪರಾತ, ಬೋಗೋಣಿ ಹೊತ್ತ ಹತ್ತು ಮನೆಯವರು. ಒಂದಕ್ಕೊಂದು ತಾಗಿ ತಾಮ್ರ, ಹಿತ್ತಾಳೆ ಹಾಡುತ್ತಿದ್ದವು. ಹಿಡಿ ಎಂದು ಬರೆದದ್ದು ಎಲ್ಲಿ, ಅವರು ತಂದದ್ದು ಎಲ್ಲಿ! ಬುಟ್ಟಿ ಮೂರನೆಯ ಮನೆಗೇ ತುಂಬಿತು. ಕೊನೆಗೆ ಆ ಹಂಡೆಯನ್ನೇ ಬುಟ್ಟಿ ಮಾಡಿ ಕಟ್ಟೆಯ ಮೇಲೆ ಕೂಡಿಸಿದೆವು. ನಾನೂ ಒಂದು ಹಿಡಿ ಹಾಕಿದೆ. ನನ್ನ ಹಿಡಿ ಅಷ್ಟು ದೊಡ್ಡದೆಂದು ನನಗೇ ಗೊತ್ತಿರಲಿಲ್ಲ.

ಸುದ್ದಿ ಹರಡಿತು. ಬೀಳಗಿಯವರು ಬಂದರು, ಮುಧೋಳದವರು ಬಂದರು, ಜಮಖಂಡಿಯವರು ನಿಯಮಾವಳಿಯ ಪ್ರತಿ ಕೇಳಿದರು. "ನಿಯಮ ಆಮ್ಯಾಲ ಬರೀರಿ. ಮೊದಲ ಮನಿಮನಿ ತೂತು ತಂಬಿಗಿ ಕೂಡಸ್ರಿ. ತಂಬಿಗಿ ಕೊಟ್ಟಾಕಿ ಹಂಡೆ ಕಾಯ್ತಾಳ," ಎನ್ನುತ್ತಿದ್ದಳು ನೀಲಕ್ಕ. ಆ ಮೂರೂ ಊರಿನ ಹಂಡೆಗಳು ಹೋದದ್ದು ನನ್ನ ಅಂಗಡಿಯಿಂದಲೇ. ಹದಿನಾಲ್ಕು ರೂಪಾಯಿ ಎಷ್ಟು ಸಲ ತಿರುಗಿ ಬಂತು ಎಂದು ನಾನು ಹೇಳುವುದಿಲ್ಲ.

ನಮ್ಮ ಜಿಲ್ಲೆ ಮುಂಬಯಿ ಬಿಟ್ಟು ಮೈಸೂರಿಗೆ ಸೇರುತ್ತದೆ ಎಂದು ಊರೆಲ್ಲ ಮಾತಾಡುತ್ತಿದ್ದ ದಿನಗಳಲ್ಲಿ ಮಗ ಅವಳನ್ನು ಸೊಲ್ಲಾಪುರಕ್ಕೆ ಕರೆದೊಯ್ದ. ಅವನಿಗೆ ಅಲ್ಲಿ ಮಿಲ್ಲಿನ ಕೆಲಸ. ಮಂಡಳಿಯ ಕೀಲಿಕೈಯನ್ನು ಶಂಕ್ರವ್ವನ ಸೊಸೆಗೆ ಒಪ್ಪಿಸಿ, ಮೋಟಾರು ಹತ್ತುವ ಮೊದಲು ನನ್ನ ಅಂಗಡಿಗೆ ಬಂದಳು. "ದಾರಿಗೆ ನೀರು ಬೇಕು, ಒಂದು ತಂಬಿಗಿ ಕೊಡು. ಮಾರಬ್ಯಾಡ, ಕಡಾ ಕೊಡು, ಹೊಳ್ಳಿ ಕೊಡ್ತೇನಿ." ಕೊಟ್ಟೆ. ಬಡಿದು, ಕೇಳಿ, "ನೆಗಡಿ ಇಲ್ಲ" ಎಂದು ನಕ್ಕು ಹೋದಳು. ಅದೇ ಕೊನೆ.

ಎರಡು ವರ್ಷದ ಮೇಲೆ ಅವಳ ಮಗ ಬಂದ. ತಲೆ ಬೋಳಿಸಿದ್ದ. ಅವನನ್ನು ನೋಡಿದ ಕೂಡಲೇ ತಿಳಿಯಿತು. ಚೀಲದಿಂದ ನನ್ನ ತಂಬಿಗೆ ತೆಗೆದು ಮುಂದಿಟ್ಟ. ಬಾಯಿಗೆ ಬಿಳಿ ಅರಿವೆ ಕಟ್ಟಿತ್ತು. "ಅವ್ವ ಹೇಳಿದ್ಲುರಿ, ಇದನ್ನ ನಿಮಗಽ ಮುಟ್ಟಸು ಅಂತ." ಬಿಚ್ಚಿ ನೋಡಿದರೆ ಸೊಲ್ಲಾಪುರದ ಶೇಂಗಾ ಚಟ್ನಿ, ಕಂಠದವರೆಗೆ. ನಾನು ಅಭ್ಯಾಸಬಲದಿಂದ ಬೆರಳ ಗೆಣ್ಣಿನಿಂದ ಬಡಿದೆ. ನಾದ ಬರಲಿಲ್ಲ. ಅಷ್ಟು ತುಂಬಿತ್ತು.

ನೀವೂ ಇವತ್ತಲ್ಲ ನಾಳೆ ಒಂದು ಮಂಡಳಿ ಕಟ್ಟುತ್ತೀರಿ, ವಾಚನಾಲಯವೋ, ಭಜನಾ ಸಂಘವೋ. ಆದ್ದರಿಂದ ನನ್ನ ಮಾತು ಕೇಳಿರಿ. ಒಬ್ಬ ದೊಡ್ಡವನಿಂದ ಇಡೀ ಹಂಡೆ ತೆಗೆದುಕೊಳ್ಳಬೇಡಿ, ನೂರು ಜನರಿಂದ ಒಂದೊಂದು ತೂತು ತಂಬಿಗೆ ತೆಗೆದುಕೊಳ್ಳಿ. ಬಂದದ್ದನ್ನು ಬೀದಿಗೆ ಕಾಣುವ ಹಾಗೆ ಇಡಿ. ಸಿಟ್ಟು ಬಂದ ದಿನ ನಿಯಮ ಬರೆಯಬೇಡಿ. ಬರೆದರೆ, ಹಲಗೆ ಹಚ್ಚುವ ಮೊದಲು ಒಬ್ಬ ತಾಯಿಗೆ ಓದಿ ಹೇಳಿ ಅವಳ ಮುಖ ನೋಡಿ. ಜನ ದಂಡ ಕೊಟ್ಟು ಸಾಮಾನು ಕೊಡದಿದ್ದರೆ ಪೊಲೀಸರ ಹತ್ತಿರ ಹೋಗಬೇಡಿ, ಅವರ ಪಡಸಾಲೆಗೆ ಹೋಗಿ. ಮತ್ತು ಈಗ ನಿಮ್ಮ ಮನೆಯಲ್ಲಿ ಮಗ್ಗುಲ ಮನೆಯವರ ಡಬ್ಬಿಯೋ ಬಟ್ಟಲೋ ಇದ್ದೇ ಇರುತ್ತದೆ. ಎದ್ದು ಹೋಗಿ ಕೊಟ್ಟು ಬನ್ನಿ. ಹೊಸ್ತಿಲು ದಾಟುವ ಮೊದಲು ಒಳಗೆ ಏನಾದರೂ ಹಾಕಿ.