ತಾರೀಖು ಹೇಳದೆ ಕರೆದದ್ದು

ನಮ್ಮ ಕಡೆ ಎಳ್ಳಮಾವಾಸ್ಯೆಗೆ ಯಾರೂ ತಾರೀಖು ಹೇಳುವುದಿಲ್ಲ. ಹೊಲಕ್ಕೆ ಊಟಕ್ಕೆ ಕರೆಯುವವರು ‘ಎಳ್ಳಮಾವಾಸಿಗಿ ಬರ್ರಿ’ ಎನ್ನುತ್ತಾರೆ, ಕರೆಸಿಕೊಂಡವರು ‘ಹೂಂ’ ಎನ್ನುತ್ತಾರೆ, ಅಷ್ಟೇ. ಚಳಿಗಾಲದ ಆ ಅಮಾವಾಸ್ಯೆ ಯಾವತ್ತು ಎಂದು ಕೇಳುವವರನ್ನು ನಾನು ಒಂಬತ್ತನೇ ತರಗತಿಯವರೆಗೆ ಕಂಡಿರಲಿಲ್ಲ. ಕಂಡಾಗ ನಕ್ಕುಬಿಟ್ಟೆ. ಆ ನಗೆ ನೆನಪಾದರೆ ಇವತ್ತಿಗೂ ಮುಖ ಸಣ್ಣದಾಗುತ್ತದೆ.

ಆಗ ನಾನು ಕಮಲಾಪುರದಿಂದ ಕಲಬುರಗಿಯ ಹೈಸ್ಕೂಲಿಗೆ ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದೆ. ಆ ಶಾಲೆಯಲ್ಲೊಂದು ಫ್ರೆಂಚ್ ಕ್ಲಬ್ ಇತ್ತು ಎಂದರೆ ಈಗ ಯಾರೂ ನಂಬುವುದಿಲ್ಲ. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಲ್ಯಾಬಿನ ಪಕ್ಕದ ಕೋಣೆಯಲ್ಲಿ ಹತ್ತು ಹನ್ನೊಂದು ಮಕ್ಕಳು ಸೇರುತ್ತಿದ್ದೆವು. ಕಲಿಸುತ್ತಿದ್ದ ಮೇಡಂ ಪುದುಚೇರಿಯವರು. ಗಂಡನಿಗೆ ರೈಲ್ವೆ ಕೆಲಸ, ಸ್ಟೇಶನ್ ಬಜಾರದ ಹತ್ತಿರ ಬಾಡಿಗೆ ಮನೆ. ಅವರ ಕನ್ನಡ ಕಾಯಿಪಲ್ಲೆ ಕೊಳ್ಳುವಷ್ಟು ಮಾತ್ರ. ನಮ್ಮ ಇಂಗ್ಲಿಷ್ ಅದಕ್ಕಿಂತ ಹೆಚ್ಚೇನಿರಲಿಲ್ಲ. ಹಾಗಾಗಿ ಆ ಕೋಣೆಯಲ್ಲಿ ಫ್ರೆಂಚೇ ಎಲ್ಲರಿಗೂ ಸಮನಾದ ಭಾಷೆಯಾಗಿತ್ತು, ಯಾರಿಗೂ ಸರಿಯಾಗಿ ಬರುತ್ತಿರಲಿಲ್ಲ, ಅವರೊಬ್ಬರನ್ನು ಬಿಟ್ಟು.

ನನಗೆ ಆ ಮೇಡಂ ಅಂದರೆ ಹುಚ್ಚು. ಹತ್ತಿಯ ಸೀರೆ, ಕೈಯಲ್ಲಿ ಒಂದೇ ಬಳೆ, ತಪ್ಪು ಹೇಳಿದರೆ ಬೈಯದೆ ಇನ್ನೊಮ್ಮೆ ಕೇಳುವ ರೀತಿ. ಶಹರದ ಹುಡುಗಿಯರು ಬೇಗ ಬೇಗ ಉತ್ತರ ಹೇಳಿ ಅವರಿಂದ ‘ಬ್ರಾವೊ’ ಅನ್ನಿಸಿಕೊಳ್ಳುತ್ತಿದ್ದರು. ನಾನು ಬಸ್ಸಿನಲ್ಲಿ ಕಿಟಕಿಗೆ ಮುಖ ಮಾಡಿ ಬಾಯಿಪಾಠ ಮಾಡುತ್ತಿದ್ದೆ. ಕಂಡಕ್ಟರ್ ಒಮ್ಮೆ ‘ಯಾಕವ್ವಾ, ಆರಾಮ ಇದ್ದಿಯಿಲ್ಲೊ?’ ಎಂದು ಕೇಳಿದ್ದೂ ಉಂಟು.

ತಿಂಗಳಿಗೊಮ್ಮೆ ಕ್ಲಬ್ಬಿನಲ್ಲಿ ‘ನಮ್ಮ ಮನೆ’ ಎಂಬ ಕಾರ್ಯಕ್ರಮ. ಒಬ್ಬೊಬ್ಬರು ತಮ್ಮ ಮನೆಯ ಒಂದು ದಿನವನ್ನು ಫ್ರೆಂಚಿನಲ್ಲಿ ವರ್ಣಿಸಬೇಕು. ದೀಪಾವಳಿ ಮುಗಿದ ಮೇಲೆ ನನ್ನ ಸರದಿ ಬಂತು. ನಾನು ಎಳ್ಳಮಾವಾಸ್ಯೆ ಆರಿಸಿಕೊಂಡೆ. ಕಪ್ಪು ಮಣ್ಣು, ಬಾವಿ, ಬನ್ನಿಗಿಡದ ಬುಡದಲ್ಲಿ ಪೂಜೆಗೆ ಇಟ್ಟ ಐದು ಕಲ್ಲು, ಸಜ್ಜೆ ರೊಟ್ಟಿ, ಕಾಳು ಸೊಪ್ಪು ಕೂಡಿಸಿ ಬೇಯಿಸಿದ ಭಜ್ಜಿ, ಅಪ್ಪ ಹೊಲದ ತುಂಬ ಅನ್ನ ಚೆಲ್ಲುತ್ತ ಹೋಗುವ ಚರಗ, ಎಲ್ಲ ಸೇರಿ ಒಂದು ಪುಟ. ಕೊನೆಯ ಸಾಲು: ‘ಎಳ್ಳಮಾವಾಸ್ಯೆಗೆ ನಮ್ಮ ಹೊಲಕ್ಕೆ ಬನ್ನಿ.’ ಅದನ್ನು ಎಲ್ಲರಿಗೂ ಹೇಳಿದಂತೆ ಓದಿದೆ. ಕರೆದದ್ದು ಮಾತ್ರ ಅವರೊಬ್ಬರನ್ನೇ.

ಮೇಡಂ ಕಾಗದ ಇಸಿದುಕೊಂಡು ಎರಡು ಕಡೆ ತಿದ್ದಿದರು. ‘ಖಂಡಿತ ಬರುತ್ತೇನೆ. ಯಾವಾಗ?’ ಎಂದರು.

ನಾನು ನಕ್ಕೆ. ‘ಎಳ್ಳಮಾವಾಸಿ ದಿನ ರೀ ಮೇಡಂ!’

ಎಲ್ಲರೂ ನಕ್ಕರು. ಅವರೂ ನಕ್ಕರು. ಬಸ್ ಯಾವುದು, ಎಲ್ಲಿ ಇಳಿಯಬೇಕು, ಹೊಲಕ್ಕೆ ಯಾವ ದಾರಿ, ಎಲ್ಲವನ್ನೂ ಕಾಗದದ ಹಿಂದೆ ಬರೆಸಿಕೊಂಡರು. ತಾರೀಖೊಂದನ್ನು ಬಿಟ್ಟು.

ಎಳ್ಳಮಾವಾಸ್ಯೆ ಬಂತು. ನಾನು ಅವ್ವನ ಬೆನ್ನು ಹತ್ತಿ ಭಜ್ಜಿಗೆ ಖಾರ ಕಡಿಮೆ ಹಾಕಿಸಿದ್ದೆ. ಅಪ್ಪ ಚರಗದ ಬುಟ್ಟಿ ಹಿಡಿದು ‘ಬರ್ತಾರೇನವ್ವ ನಿಮ್ಮ ಮೇಡಂ?’ ಎಂದು ಎರಡು ಸಲ ಕೇಳಿ, ಮೂರನೆಯ ಸಲ ಕೇಳದೆ ಹೊಲದೊಳಗೆ ನಡೆದ. ಎಲ್ಲರದೂ ಊಟವಾಯಿತು. ಒಂದು ತಾಟಿನ ಮೇಲೆ ಇನ್ನೊಂದು ತಾಟು ಮುಚ್ಚಿ ನಾನು ಬದುವಿನ ಮೇಲೆ ಕೂತೆ. ಬಸ್ಸಿನ ರಸ್ತೆ ಅಲ್ಲಿಂದ ಕಾಣುತ್ತದೆ. ಹೊತ್ತು ಇಳಿಯುವವರೆಗೆ ಎಷ್ಟೋ ಬಸ್ಸು ನಿಂತವು, ಎಷ್ಟೋ ಜನ ಇಳಿದರು.

ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ, ಆಗ ಇನ್ನೂ ಹೆಚ್ಚು. ನಮ್ಮಂಥವರ ಹೊಲಕ್ಕೆ ಅವರು ಯಾಕೆ ಬಂದಾರು ಎಂದು ನಾನೇ ತೀರ್ಮಾನ ಮಾಡಿಕೊಂಡೆ. ಮುಂದಿನ ಶನಿವಾರ ಕ್ಲಬ್ಬಿಗೆ ಹೋಗಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಗೆಳತಿಯರು ಕೇಳಿದರೆ ಬಸ್ಸಿನ ಟೈಮ್ ಬದಲಾಗಿದೆ ಎಂದು ಸುಳ್ಳು ಹೇಳಿದೆ. ಕೋಣೆಯ ಕಿಟಕಿ ದಾಟುವಾಗ ಒಳಗಿನ ಧ್ವನಿ ಕೇಳಿ ಕಾಲು ತಾವೇ ನಿಧಾನವಾಗುತ್ತಿದ್ದವು, ಆದರೂ ಒಳಗೆ ಹೋಗಲಿಲ್ಲ.

ತಿಂಗಳು ಕಳೆದ ಮೇಲೆ ಒಂದು ಸಂಜೆ ಶಾಲೆಯಿಂದ ಮನೆಗೆ ಬಂದರೆ ಅಡುಗೆಮನೆಯ ಕಟ್ಟೆಯ ಮೇಲೆ ಒಂದು ಸ್ಟೀಲ್ ಡಬ್ಬಿ ಇತ್ತು.

‘ನಿಮ್ಮ ಮೇಡಂ ಬಂದಿದ್ರವ್ವ ಹೊಲಕ್ಕ’ ಎಂದಳು ಅವ್ವ.

ಅವತ್ತು ಅಮಾವಾಸ್ಯೆ. ಎಳ್ಳಮಾವಾಸ್ಯೆಯ ಮುಂದಿನ ಅಮಾವಾಸ್ಯೆ. ಅವತ್ತು ಎತ್ತು ಹೂಡುವುದಿಲ್ಲವಾದ್ದರಿಂದ ಹೊಲದಲ್ಲಿ ಯಾರೂ ಇರಲಿಲ್ಲ, ಅವ್ವ ಒಬ್ಬಳೇ ಹಸಿ ಕಡಲೆ ಕೀಳಲು ಹೋಗಿದ್ದಳು. ರಸ್ತೆಯ ಕಡೆಯಿಂದ ಡಬ್ಬಿ ಹಿಡಿದುಕೊಂಡು ಒಬ್ಬರು ಬಂದು, ಕೈಮುಗಿದು, ‘ಎಳ್ಳಮಾವಾಸ್ಯೆ’ ಎಂದು ನಕ್ಕು, ಸುತ್ತಲೂ ಜನರನ್ನು ಹುಡುಕಿದರಂತೆ. ಅವ್ವನಿಗೆ ಎಲ್ಲ ತಿಳಿಯಿತು. ಹೇಳುವುದು ಹೇಗೆಂದು ತಿಳಿಯಲಿಲ್ಲ. ತಾನು ಕಟ್ಟಿಕೊಂಡು ಹೋಗಿದ್ದ ರೊಟ್ಟಿ, ನಂಚಿಕೊಳ್ಳುವ ಶೇಂಗಾ ಹಿಂಡಿ ಬಿಚ್ಚಿ ಮುಂದಿಟ್ಟಳು. ಡಬ್ಬಿಯಲ್ಲಿ ಕೇಕ್ ಇತ್ತು. ‘ತತ್ತಿ ಇಲ್ಲ’ ಎಂದು ಅವರು ಮೂರು ಸಲ ಹೇಳಿದರಂತೆ. ಮೊಟ್ಟೆ ಹಾಕದ್ದಕ್ಕೋ ಏನೋ, ಅದರ ನಡುಭಾಗ ಕುಸಿದಿತ್ತು.

‘ಊಟ ಆದ ಮ್ಯಾಲ ಕಾಗದ ತಗದು ಓದಿದ್ರು. ನನಗರೆ ಏನು ತಿಳೀತದ? ಆದ್ರ ಓದ್ತಾ ಓದ್ತಾ ಮಣ್ಣು ತೋರಿಸಿದ್ರು, ಬಾವಿ ತೋರಿಸಿದ್ರು, ಬನ್ನಿಗಿಡ ತೋರಿಸಿದ್ರು. ನೀ ಸಾಲ್ಯಾಗ ಹೇಳಿದ್ದು ಅಂತ ಗೊತ್ತಾತು. ನೀ ಬರ್ತಿ ಅಂತ ಕುಂತೇ ಕುಂತ್ರು. ಹೊತ್ತಾತು, ಈಗ ಎದ್ದು ಹೋಗ್ಯಾರ.’

ನಾನು ಡಬ್ಬಿ ಮುಟ್ಟಲಿಲ್ಲ. ಹಿತ್ತಲಿಗೆ ಹೋಗಿ ಅತ್ತೆ.

ಶನಿವಾರ ಕ್ಲಬ್ಬಿಗೆ ಹೋದೆ. ಡಿಕ್ಷನರಿ ನೋಡಿ ಕ್ಷಮೆ ಕೇಳುವ ಒಂದು ವಾಕ್ಯ ತಯಾರು ಮಾಡಿಕೊಂಡಿದ್ದೆ. ಮೇಡಂ ಇಷ್ಟು ದಿನ ಯಾಕೆ ಬರಲಿಲ್ಲ ಎಂದು ಕೇಳಲೇ ಇಲ್ಲ. ತಮ್ಮ ಮನೆಯಲ್ಲಿ ಊರಿನಿಂದ ತಂದ ತಮಿಳು ಕ್ಯಾಲೆಂಡರ್ ಇದೆ, ಚಳಿಗಾಲದಲ್ಲಿ ಹಿರಿಯರಿಗೆ ಎಳ್ಳು ಬಿಡುವ ದೊಡ್ಡ ಅಮಾವಾಸ್ಯೆ ಅದರಲ್ಲಿ ಒಂದೇ, ಅದೇ ಇರಬೇಕೆಂದು ಬಂದದ್ದು ಎಂದರು. ತಪ್ಪು ತಮ್ಮದೇ ಎಂಬಂತೆ ಹೇಳಿದರು. ‘ನಿಮ್ಮ ತಾಯಿ ನನ್ನ ಒಳ್ಳೆಯ ವಿದ್ಯಾರ್ಥಿ’ ಎಂದೂ ಸೇರಿಸಿದರು. ವಾಕ್ಯ ಬರೆದುಕೊಂಡಿದ್ದ ಪುಸ್ತಕ ಮುಚ್ಚಿದೆ. ಮುಂದಿನ ವಾರ ಹೇಳಿದರಾಯಿತು ಅಂದುಕೊಂಡೆ. ಹೀಗೆ ವಾರಗಳು ಹೋದವು, ಪರೀಕ್ಷೆ ಬಂತು, ಬೇಸಿಗೆ ರಜೆಯಲ್ಲಿ ಅವರ ಗಂಡನಿಗೆ ವರ್ಗವಾಯಿತು. ಜೂನ್‌ನಲ್ಲಿ ಆ ಕೋಣೆಗೆ ಬೀಗ ಹಾಕಿತ್ತು.

ಈಗ ನನ್ನ ಮನೆ ಕಲಬುರಗಿಯ ಗಾಜಿಪುರದಲ್ಲಿದೆ. ಸ್ಟೇಶನ್ ಬಜಾರಕ್ಕೆ ಹೋದಾಗಲೆಲ್ಲ ಹತ್ತಿಯ ಸೀರೆಯ ಬೆನ್ನುಗಳನ್ನು ನೋಡುತ್ತೇನೆ. ಹುಡುಕಿಸಿದ್ದೂ ಆಯಿತು, ವಿಳಾಸ ಸಿಕ್ಕಿಲ್ಲ. ಅವರನ್ನು ನೋಡಬೇಕು ಎನ್ನುವುದಕ್ಕಿಂತ, ನಮ್ಮ ಹೊಲವನ್ನು ನೋಡುವಾಗಿನ ಅವರ ಮುಖ ನೋಡಬೇಕಿತ್ತು. ಅದು ಅವ್ವನಿಗೆ ದಕ್ಕಿತು, ನನಗೆ ದಕ್ಕಲಿಲ್ಲ.

ಈ ವರ್ಷ ಎಳ್ಳಮಾವಾಸ್ಯೆಗೆ ಹೊಲದಲ್ಲಿ ಊಟವಾದ ಮೇಲೆ ಅವ್ವ, ‘ಆ ಮೇಡಂ ಓದಿದ್ರಲ್ಲ, ಅದನ್ನ ನೀ ಒಮ್ಮಿ ಓದವ್ವ’ ಎಂದಳು. ಡಬ್ಬಿಯ ತಳದಲ್ಲಿ ಅವರು ಬಿಟ್ಟುಹೋಗಿದ್ದ ಆ ಕಾಗದ ನನ್ನ ಪರ್ಸಿನಲ್ಲಿಯೇ ಇರುತ್ತದೆ. ಎದ್ದು ನಿಂತು ತಡವರಿಸುತ್ತ ಓದತೊಡಗಿದೆ. ಎಲ್ಲಿ ಬಾವಿಯ ಕಡೆ ತಿರುಗಬೇಕು, ಎಲ್ಲಿ ಗಿಡ ತೋರಿಸಬೇಕು ಎಂದು ಅವ್ವ ಕೂತಲ್ಲಿಂದಲೇ ಹೇಳಿಕೊಟ್ಟಳು. ಒಂದನ್ನೂ ಮರೆತಿರಲಿಲ್ಲ.

ಕೊನೆಯ ಸಾಲಿಗೆ ಬಂದಾಗ, ‘ಇಲ್ಲಿ ಬಂದಾಗ ಅವರು ಬಸ್ಸಿನ ಹಾದಿ ಕಡಿ ನೋಡಿ ಸುಮ್ಮನ ನಿಂತಿದ್ರು’ ಎಂದಳು.

ನಾನೂ ರಸ್ತೆಯ ಕಡೆಗೆ ತಿರುಗಿದೆ. ಈ ಸಲ ತಾರೀಖು ಸೇರಿಸಿ ಆ ಸಾಲನ್ನು ಓದಿದೆ.