ಸಲಾಮಿನಲ್ಲಿ ಸೋಲದ ಖಾಲಾ
ಜುಗೂಳದ ಮಕ್ಕಳಿಗೆಲ್ಲ ಚಿಕ್ಕಮ್ಮನಂತಿರುವ ಜೈತುನ್‌ಬಿ ಖಾಲಾಗಿಂತ ಮೊದಲು ಸಲಾಮು ಹೇಳಿದವರು ಊರಲ್ಲೇ ಇಲ್ಲ. ಸಂಜೆ ಅವಳ ಪಡಸಾಲೆಗೆ ಕುರಾನು ಕಲಿಯಲು ಬರುವ ಮಕ್ಕಳಿಗೆ ಸೂರಾ, ನಮಾಜು ಎಲ್ಲ ಆಮೇಲೆ, ಮೊದಲ ಪಾಠವೇ ಇದು: "ಸಲಾಮ ಮೊದಲ ಹೇಳಿದವ್ರಿಗೆ ಅಲ್ಲಾನ ಹತ್ರ ಸವಾಬ, ಅಂದ್ರ ಪುಣ್ಯ, ಜಾಸ್ತಿ ಐತಿ. ಅದನ್ನ ನಿಮಗ್ಯಾಕ ಬಿಟ್ಟಕೊಡ್ಲಿ?" ಮಕ್ಕಳು ಸುಮ್ಮನೆ ಬಿಡುವವರೇ? ಕಬ್ಬಿನ ಟ್ರ್ಯಾಕ್ಟರಿನ ಮರೆಯಲ್ಲಿ ಅಡಗಿ ಬರುತ್ತಾರೆ, ಚಪ್ಪಲಿ ಕೈಯಲ್ಲಿ ಹಿಡಿದು ಹಿತ್ತಲಿನಿಂದ ನುಗ್ಗುತ್ತಾರೆ. ಅಷ್ಟರಲ್ಲಿ ಎಮ್ಮೆಯ ಮಗ್ಗುಲಿನಿಂದಲೋ ಒಲೆಯ ಹೊಗೆಯೊಳಗಿನಿಂದಲೋ "ಅಸ್ಸಲಾಮು ಅಲೈಕುಂ!" ಎಂದು ಸಿಡಿದೇ ಬಿಡುತ್ತದೆ. ಹಾಲಿಗೆ ಬರುವ ಸಾವಿತ್ರೆವ್ವನಿಗೆ ನಮಸ್ಕಾರವೂ ಖಾಲಾಳದೇ ಮೊದಲು. ಮಸೀದಿಯ ಮೌಲಾನಾ ಕೂಡ ಓಣಿಯ ತಿರುವಿನಲ್ಲಿ ಸೋತು, "ಇವತ್ತೂ ನೀವ ಗೆದ್ರಿ ನೋಡ್ರಿ" ಎಂದು ನಗುತ್ತಾರೆ. ಇಂಥ ಖಾಲಾ ಸೋಲುವುದು ಒಬ್ಬಳಿಗೆ ಮಾತ್ರ. ಪುಟ್ಟ ಫಿರದೋಸಳಿಗೆ ಮಾತು ತೊದಲು; ಸಲಾಮಿನ ಮೊದಲಕ್ಷರಕ್ಕೇ ನಾಲಿಗೆ ಸಿಕ್ಕಿಕೊಳ್ಳುತ್ತದೆ. ಅವಳು ಹೊಸ್ತಿಲಲ್ಲಿ ಕಂಡದ್ದೇ ತಡ, ಖಾಲಾಗೆ ಎಲ್ಲಿಲ್ಲದ ಕೆಮ್ಮು ಬರುತ್ತದೆ. ಸೆರಗು ಬಾಯಿಗೊತ್ತಿ, ಗೋಡೆಯತ್ತ ತಿರುಗಿ, ಆ ಪುಟ್ಟ ಬಾಯಿಂದ ಸಲಾಮು ಪೂರ್ತಿ ಹೊರಬೀಳುವವರೆಗೂ ಕೆಮ್ಮುತ್ತಾಳೆ. ಆಮೇಲೆ ಕಣ್ಣೊರೆಸಿಕೊಂಡು, "ವ ಅಲೈಕುಂ ಸಲಾಂ! ಸೋತ್ನಿ ನೋಡ ಬೇಟಿ, ನಿನ್ನ ಮುಂದ!" ಎನ್ನುತ್ತಾಳೆ. ಫಿರದೋಸಳ ಮುಖ ಅರಳುತ್ತದೆ. ಈ ಪಾಠವನ್ನು ಖಾಲಾ ಯಾರಿಗೂ ಬಾಯಿಬಿಟ್ಟು ಹೇಳಿಕೊಟ್ಟಿಲ್ಲ. ಆದರೂ ಈಚೆಗೆ ಫಿರದೋಸ ಬಾಗಿಲಿಗೆ ಬಂದರೆ ಸಾಕು, ಇಡೀ ಪಡಸಾಲೆಯೇ ಕೆಮ್ಮುತ್ತದೆ.