ಮಗಳ ಫಿಸಿಕ್ಸಿಗೆ ನಾನು ತಲೆಯಾಡಿಸಿದ್ದು

ನಾನು ಓದಿದ್ದು ಏಳನೇ ಇಯತ್ತೆ. ಹೇಳಿಕೊಳ್ಳಲು ನಾಚಿಕೆಯಿಲ್ಲ. ಹೈದರಾಬಾದಿನ ಸನತ್‌ನಗರದ ಕಾರ್ಖಾನೆಯಲ್ಲಿ ನಾನು ಲೇತ್ ಯಂತ್ರದಲ್ಲಿ ತಿರುಗಿಸಿ ಕಡೆದ ಶಾಫ್ಟನ್ನು ಇಂಜಿನಿಯರುಗಳು ಎರಡನೇ ಸಲ ಅಳೆಯುತ್ತಿರಲಿಲ್ಲ. ಆದರೆ ಮಗಳು ಬಿಎಸ್ಸಿ ಸೇರಿದ ವರ್ಷ, ಅವಳ ಮುಂದೆ ಮಾತ್ರ, ಆ ಏಳನೇ ಇಯತ್ತೆಯನ್ನು ಸ್ವಲ್ಪ ಮುಚ್ಚಿಟ್ಟುಕೊಂಡಿದ್ದೆ.

ಮೊದಲ ಪರೀಕ್ಷೆಯಲ್ಲೇ ಅವಳು ಫಿಸಿಕ್ಸಿನಲ್ಲಿ ಫೇಲಾದಳು. ಎರಡನೆಯದರಲ್ಲೂ ಹೀಗೇ ಆದರೆ ಸೈನ್ಸ್ ಬಿಟ್ಟು ಬೇರೆ ಗ್ರೂಪ್ ತಗೋ ಎಂದರಂತೆ ಕಾಲೇಜಿನ ಫಿಸಿಕ್ಸ್ ಮೇಡಂ. ಆಗ ಹೈದರಾಬಾದೆಲ್ಲ ಕಂಪ್ಯೂಟರಿನ ಹಿಂದೆ ಓಡುತ್ತಿತ್ತು.

"ಮೂರು ತಿಂಗಳ ಕೋರ್ಸ್ ಮಾಡಿಸ್ರಿ, ಕೊಂಡಾಪುರದ ಕಂಪನ್ಯಾಗ ಏಸಿ ಒಳಗ ಕುಂತು ಕೆಲಸ ಮಾಡ್ತಾಳ," ಎಂದಳು ಪಕ್ಕದ ಮನೆಯಾಕೆ.

"ತಂಪಿಗೆ ಕುಂದ್ರೂದಾದ್ರ ಐಸ್ ಫ್ಯಾಕ್ಟರಿಗೇ ಕಳಸ್ತೀನಿ ಬಿಡ್ರಿ," ಎಂದೆ.

ಮಗಳಿಗೆ ಬೇಕಿದ್ದದ್ದು ಫಿಸಿಕ್ಸೇ. ಅಬಿಡ್ಸ್ ಪೇಟೆಯಿಂದ ದಪ್ಪನೆಯ ಗೈಡು ತಂದು, ಅದರಲ್ಲಿ ಬಿಡಿಸಿಟ್ಟ ಲೆಕ್ಕಗಳನ್ನು ಕಥೆಪುಸ್ತಕದಂತೆ ಓದುತ್ತಿದ್ದಳು.

"ಓದಿದ್ರ ಎಲ್ಲಾ ತಿಳೀತೈತಿ ಅಪ್ಪಾ. ಬರಿಯಾಕ ಕುಂತ್ರ ಕೈ ಓಡಂಗಿಲ್ಲ."

"ನಾ ಕಡಿಯೂದು ನೋಡಿ ಯಾರರ ನನ್ನಂಗ ಟರ್ನರ್ ಆಗ್ಯಾರೇನು? ಪುಸ್ತಕ ಮುಚ್ಚು. ನೀನಽ ಬಿಡಿಸು. ಆಮ್ಯಾಲ ನನಗ ತಿಳಿಸಿ ಹೇಳು."

ದಿನಾ ಸಂಜೆ ಪಾಠ ಶುರುವಾಯಿತು. ಅವಳು ಹೇಳುವಳು, ನಾನು "ಹ್ಞೂಂ, ಬರೋಬರಿ" ಎಂದು ತಲೆಯಾಡಿಸುವೆ. ತಿಳಿಯಲಿಲ್ಲ ಎನ್ನಲು ನಾಲಿಗೆ ಹೊರಳುತ್ತಿರಲಿಲ್ಲ. ಒಂದು ಸಂಜೆ ತಿರುಗುವ ಚಕ್ರದ ಪಾಠ. ಅಂಚಿನಲ್ಲಿರಲಿ, ನಡುವಿನ ಹತ್ತಿರವಿರಲಿ, ಚಕ್ರದ ಎಲ್ಲ ಬಿಂದುಗಳೂ ಒಂದೇ ವೇಗದಲ್ಲಿ ಓಡುತ್ತವೆ ಎಂದಳು. ಅದಕ್ಕೂ ಬರೋಬರಿ ಎಂದೆ.

ಮರುದಿನ ಕಾರ್ಖಾನೆಯಲ್ಲಿ ಭಾರಿ ದಪ್ಪದ ಕಬ್ಬಿಣದ ತುಂಡು ಬಂತು. ಲೇತಿಗೆ ಕಟ್ಟಿದವನೇ, ಎಂದಿನಂತೆ, ಅದು ತಿರುಗುವ ಸುತ್ತು ಕಡಿಮೆ ಮಾಡಿದೆ. ಮಾಡದಿದ್ದರೆ ಅಷ್ಟು ದಪ್ಪ ತುಂಡಿನ ಅಂಚು ಜೋರಾಗಿ ಓಡಿ ಕತ್ತರಿಸುವ ಟೂಲನ್ನೇ ಸುಟ್ಟುಬಿಡುತ್ತದೆ. ಕೈ ಹಾಗೆಯೇ ನಿಂತಿತು. ಇಪ್ಪತ್ತು ವರ್ಷದಿಂದ ಕೈಗೆ ಗೊತ್ತಿದ್ದ ಸಂಗತಿ, ನಿನ್ನೆ ಅದರ ಉಲ್ಟಾ ಮಾತಿಗೆ ತಲೆಯಾಡಿಸಿ ಬಂದಿದ್ದೆ.

ಸಂಜೆ ಚಹಾ ಕುಡಿಯುವ ಮೊದಲೇ ಹೇಳಿದೆ. "ನಿನ್ನೆ ನೀ ಹೇಳಿದ್ದು ತಪ್ಪೈತಿ ನೋಡವಾ. ಅಂಚು ಜೋರ ಓಡ್ತೈತಿ."

"ಮತ್ತ ಬರೋಬರಿ ಅಂದ್ರಿ?"

"ತಿಳೀದಽ ಅಂದೆ."

"ಎಷ್ಟು ದಿನದಿಂದ ತಿಳಿದಿಲ್ಲ?"

"ಮೊದಲನೇ ದಿನದಿಂದ."

ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಹಾಳೆಯ ಮೇಲೆ ಒಂದರೊಳಗೊಂದು ಎರಡು ಸುತ್ತು ಬರೆದಳು. "ಎರಡೂ ಒಂದಽ ಹೊತ್ತಿಗೆ ಸುತ್ತು ಮುಗಸ್ತಾವ. ಹೊರಗಿಂದಕ್ಕ ಹಾದಿ ಉದ್ದ ಐತಿ. ಅಂದ್ರ ಅದಽ ಜೋರ ಓಡಬೇಕು," ಎಂದು ತನಗೆ ತಾನೇ ಹೇಳಿಕೊಂಡಳು. ಈ ಸಲ ನನಗೂ ತಿಳಿಯಿತು.

ಮತ್ತೆ ಮೊದಲನೇ ಪಾಠದಿಂದ ಹಿಡಿದೆವು. ತಿಳಿಯದಲ್ಲಿ ತಿಳಿಯಲಿಲ್ಲ ಎನ್ನಲು ಕಲಿತೆ. ದಿನಕ್ಕೆ ಎಷ್ಟು ಸಲವೋ. ನನ್ನ ಪ್ರಶ್ನೆಗೆ ಅವಳಿಗೇ ಉತ್ತರ ಸಿಗದಿದ್ದರೆ ಚೀಟಿಯಲ್ಲಿ ಬರೆದುಕೊಂಡು ಮೇಡಂ ಹತ್ತಿರ ಹೋಗುವಳು. ಮೊದಲು ಅವರ ಕೋಣೆಯ ಬಾಗಿಲಲ್ಲೇ ಬೆವರುತ್ತಿದ್ದವಳು ಈಗ, ನಮ್ಮಪ್ಪ ಕೇಳಿದ್ದಾರೆ ಎಂದು ಎಲ್ಲವನ್ನೂ ನನ್ನ ತಲೆಗೆ ಕಟ್ಟುತ್ತಿದ್ದಳಂತೆ.

ಎರಡನೇ ಪರೀಕ್ಷೆಯಲ್ಲಿ ಪಾಸಾದಳು. ಕ್ಲಾಸಿಗೆ ಮೊದಲಿಗಳೇನಲ್ಲ, ಆದರೆ ಗ್ರೂಪ್ ಬದಲಿಸುವ ಮಾತು ಅಲ್ಲಿಗೆ ನಿಂತಿತು. ಓಣಿಯಲ್ಲೆಲ್ಲ ಎದೆಯುಬ್ಬಿಸಿ ತಿರುಗಿ ಮನೆಗೆ ಬಂದರೆ, ಅವಳು ಬೇರೊಂದು ಪುಸ್ತಕ ಹಿಡಿದು ಕೂತಿದ್ದಳು.

"ಕೆಮಿಸ್ಟ್ರಿಯಾಗ ಭಾಳ ಕಡಿಮಿ ಬಂದಾವ. ಕುಂದ್ರಿ."

"ಕೆಮಿಸ್ಟ್ರಿ ನನಗ ಒಂಚೂರೂ ತಿಳಿಯಂಗಿಲ್ಲವಾ."

"ಅದಕ್ಕಽ ಕುಂದ್ರಿ ಅನ್ನಾಕತ್ತೀನಿ."